‘ಬಲಪಂಥೀಯ ಉಗ್ರವಾದ’ ಅಂದರೆ ಏನು? ಕಲಬುರ್ಗಿ ಪ್ರಕರಣದ ಹಿನ್ನೆಲೆಯಲ್ಲಿ ಒಂದು ವಿವೇಚನೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ಸೇರಿಸಲಾಗಿದೆ.)

ನಾನು ನೀಲಗಿರಿ ಜಿಲ್ಲೆಯ ಗೂಡಲೂರಿನಿಂದ ಮಾತಾಡುತ್ತಿದ್ದೇನೆ. ಇಲ್ಲಿ ಮಳೆ ಜೋರಾದರೆ ನೆಟ್‌ವರ್ಕ್ ಹೋಗಿಬಿಡುತ್ತೆ. ಹಾಗಾಗಿ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡ್ತೀನಿ.

‘ಬಲಪಂಥೀಯ ಉಗ್ರವಾದ’ ಎಂಬ ಪದದ ಒಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೊದಲನೆಯದು, ಮನುಷ್ಯರ ನಡುವಿನ ಮೇಲು–ಕೀಳನ್ನು ಉಳಿಸಿಕೊಳ್ಳಬೇಕೋ, ಕಡಿಮೆ ಮಾಡಬೇಕೋ? ಎರಡನೆಯದು, ನಮ್ಮ ಮಾತನ್ನು ಒಪ್ಪದವನನ್ನು ಏನು ಮಾಡಬೇಕು? ಮೊದಲ ಪ್ರಶ್ನೆಗೆ ಕೊಡುವ ಉತ್ತರದಿಂದ ಒಬ್ಬ ಎಡವೋ ಬಲವೋ ಅನ್ನೋದು ಗೊತ್ತಾಗುತ್ತೆ. ಅವನು ಉಗ್ರವಾದಿಯೋ ಅಲ್ಲವೋ ಅನ್ನೋದು ಎರಡನೆಯದರಿಂದ ಗೊತ್ತಾಗುತ್ತೆ. ಇವೆರಡನ್ನೂ ಬಿಡಿಸಿ ನೋಡದಿದ್ದರೆ ನಾವು ಎರಡು ರೀತಿ ಎಡವುತ್ತೇವೆ. ಒಂದು ಕಡೆ, ನಮಗೆ ಹಿಡಿಸದ ಸಂಪ್ರದಾಯಸ್ಥರನ್ನೆಲ್ಲ ‘ಉಗ್ರವಾದಿ’ ಅಂತ ಕರೆದುಬಿಡ್ತೀವಿ. ಇನ್ನೊಂದು ಕಡೆ, ಗುಂಡು ಹಾರುವವರೆಗೆ ಉಗ್ರವಾದವೇ ಇರಲಿಲ್ಲ ಅಂದುಕೊಳ್ತೀವಿ.

ಇದು ರಾಜ್ಯಶಾಸ್ತ್ರದವರ ವಿಷಯ, ಕನ್ನಡ ಎಂ.ಎ. ವಿದ್ಯಾರ್ಥಿಗೆ ಯಾಕೆ ಅಂತ ಕೇಳಬಹುದು. ನಾವು ಓದುವ ವಚನ ಸಂಪುಟಗಳು, ಶಾಸನ ಸಂಪುಟಗಳು, ಹಸ್ತಪ್ರತಿ ಸೂಚಿಗಳಲ್ಲಿ ಎಂ. ಎಂ. ಕಲಬುರ್ಗಿ ಅವರ ಹೆಸರು ಮತ್ತೆ ಮತ್ತೆ ಬರುತ್ತೆ. ಅವರು ಬರೆದದ್ದು, ಹೇಳಿದ್ದು ಅವರ ಜೀವಕ್ಕೇ ಮುಳುವಾಯಿತು ಅನ್ನೋದು ಈಗ ನ್ಯಾಯಾಲಯದ ಮುಂದಿರುವ ಪ್ರಕರಣ. ಹಾಗಾಗಿ ಈ ಪದ ನಮ್ಮ ವಿಭಾಗದ ಬಾಗಿಲಿಗೇ ಬಂದಿದೆ.

1. ಪದದ ಹಿನ್ನೆಲೆ

ಎಡ, ಬಲ ಎಂಬ ರಾಜಕೀಯ ಅರ್ಥ ನಮಗೆ ಫ್ರಾನ್ಸಿನಿಂದ ಬಂತು. 1789ರ ಕ್ರಾಂತಿಯ ಹೊತ್ತಿಗೆ ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ, ರಾಜನಿಗೆ ಕಾನೂನು ತಡೆಯುವ ಅಧಿಕಾರ ಇರಬೇಕೋ ಬೇಡವೋ ಎಂಬ ಚರ್ಚೆ ನಡೆಯಿತು. ರಾಜನ ಪರ ಇದ್ದವರು ಅಧ್ಯಕ್ಷರ ಬಲಗಡೆ ಕೂತರು, ವಿರೋಧಿಸಿದವರು ಎಡಗಡೆ ಕೂತರು. ಕೂತ ಜಾಗವೇ ಸಿದ್ಧಾಂತದ ಹೆಸರಾಯಿತು. ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಗೊಂದಲ ಆಗಬಹುದು. ತಮಿಳಿನ ವಲಂಗೈ–ಇಡಂಗೈ, ಕನ್ನಡದ ಬಲಗೈ–ಎಡಗೈ ಎಂಬ ಜಾತಿವಿಭಾಗಗಳಿಗೂ ಈ ಎಡ–ಬಲಕ್ಕೂ ಸಂಬಂಧವಿಲ್ಲ. ಆ ವಿಭಾಗ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಎಷ್ಟೋ ಹಳೆಯದು.

‘ಪಂಥ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಇದೆ, ಗಮನಿಸಿ. ಒಂದು ದಾರಿ, ಇನ್ನೊಂದು ಪಣ, ಅಂದರೆ ‘ಪಂಥ ಕಟ್ಟು’ ಅನ್ನುವಾಗಿನ ಅರ್ಥ. ದಾರಿ ಬೇರೆ ಅಂದರೆ ಜೊತೆಗೆ ಬಾಳಬಹುದು. ಪಂಥ ಕಟ್ಟಿದರೆ ಒಬ್ಬರು ಗೆಲ್ಲಲೇಬೇಕು, ಇನ್ನೊಬ್ಬರು ಸೋಲಲೇಬೇಕು. ಬಲಪಂಥವಾಗಲಿ ಎಡಪಂಥವಾಗಲಿ ಮೊದಲ ಅರ್ಥವನ್ನು ಬಿಟ್ಟು ಎರಡನೆಯ ಅರ್ಥಕ್ಕೆ ಜಾರಿದಾಗ ಉಗ್ರವಾದದ ಕಡೆ ಹೊರಳುತ್ತೆ ಅನ್ನಬಹುದು.

‘ಉಗ್ರ’ ಎಂಬುದರ ಬಗ್ಗೆಯೂ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ‘ಉಗ್ರ’ ಅಂದರೆ ಬಾಂಬ್ ಇಡುವವನು. ನಾನು ಅದಕ್ಕೆ ‘ಭಯೋತ್ಪಾದನೆ’ ಎಂಬ ಪದವನ್ನು ಇಟ್ಟುಕೊಂಡು, ‘ಉಗ್ರವಾದ’ವನ್ನು ಇನ್ನೂ ಅಗಲವಾಗಿ ಬಳಸುತ್ತೇನೆ. ಭಿನ್ನಮತದವರಿಗೆ ಸಮಾನ ಹಕ್ಕಿಲ್ಲ, ಅವರ ಬಾಯಿ ಮುಚ್ಚಿಸಬಹುದು ಎಂಬ ನಿಲುವು ಉಗ್ರವಾದ. ಅದಕ್ಕಾಗಿ ಆಯುಧ ಹಿಡಿಯುವುದು ಭಯೋತ್ಪಾದನೆ. ಎರಡನೆಯದು ಮೊದಲನೆಯದರ ಒಂದು ರೂಪ ಮಾತ್ರ.

2. ಎರಡು ಅಳತೆಗೋಲು

ಇಟಲಿಯ ಚಿಂತಕ ನೊರ್ಬೆರ್ತೊ ಬೊಬ್ಬಿಯೊ 1994ರಲ್ಲಿ ಬಲ ಮತ್ತು ಎಡದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ಎಡ–ಬಲ ಎಂಬ ಮಾತಿಗೆ ಅರ್ಥವೇ ಉಳಿದಿಲ್ಲ ಅಂತ ಬಹಳ ಜನ ಹೇಳುತ್ತಿದ್ದ ಕಾಲ ಅದು. ಬೊಬ್ಬಿಯೊ ಒಪ್ಪಲಿಲ್ಲ. ಸಮಾನತೆಯ ಬಗೆಗಿನ ನಿಲುವು ಎಡ–ಬಲವನ್ನು ಬೇರೆ ಮಾಡುತ್ತದೆ, ಸ್ವಾತಂತ್ರ್ಯದ ಬಗೆಗಿನ ನಿಲುವು ಸೌಮ್ಯರನ್ನು ಉಗ್ರರಿಂದ ಬೇರೆ ಮಾಡುತ್ತದೆ ಅಂದರು. ಅಂದ್ರೆ ಗೆರೆ ಒಂದಲ್ಲ, ಎರಡು. ಈ ಎರಡು ಗೆರೆ ಎಳೆದರೆ ನಾಲ್ಕು ಮನೆ ಸಿಗುತ್ತವೆ: ಸೌಮ್ಯ ಎಡ, ಉಗ್ರ ಎಡ, ಸೌಮ್ಯ ಬಲ, ಉಗ್ರ ಬಲ.

ಡಚ್ ರಾಜ್ಯಶಾಸ್ತ್ರಜ್ಞ ಕಾಸ್ ಮುಡ್ಡೆ ಇದಕ್ಕೆ ಇನ್ನೊಂದು ವಿಂಗಡಣೆ ಸೇರಿಸುತ್ತಾರೆ. ಮುಖ್ಯವಾಹಿನಿಯ ಬಲದಿಂದಾಚೆಗೆ ಇರುವವರಲ್ಲೂ ಎರಡು ಬಗೆ. ಒಂದು ಬಗೆಯವರು ಚುನಾವಣೆಯನ್ನು, ಬಹುಮತವನ್ನು ಒಪ್ಪುತ್ತಾರೆ. ಆದರೆ ಅಲ್ಪಸಂಖ್ಯಾತರ ಹಕ್ಕು, ಸ್ವತಂತ್ರ ನ್ಯಾಯಾಂಗ, ಪತ್ರಿಕಾ ಸ್ವಾತಂತ್ರ್ಯಗಳು ಅವರಿಗೆ ಅಡ್ಡಿ ಅನ್ನಿಸುತ್ತವೆ. ಇನ್ನೊಂದು ಬಗೆಯವರು ಜನರಿಗೆ ಆಳುವವರನ್ನು ಆರಿಸುವ ಅಧಿಕಾರ ಇದೆ ಎಂಬುದನ್ನೇ ಒಪ್ಪುವುದಿಲ್ಲ. ಕಟ್ಟುನಿಟ್ಟಾಗಿ ‘ಉಗ್ರ ಬಲ’ ಅನ್ನಬೇಕಾದದ್ದು ಎರಡನೆಯವರನ್ನು. ನಿಜಜೀವನದಲ್ಲಿ ಇವೆರಡರ ನಡುವೆ ಗೋಡೆ ಇರಲ್ಲ, ಜನ ಆ ಕಡೆ ಈ ಕಡೆ ಓಡಾಡುತ್ತಲೇ ಇರ್ತಾರೆ. ಆದರೂ ಈ ವಿಂಗಡಣೆ ಕೈಯಲ್ಲಿದ್ದರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಕೇಳೋಕೆ ಸಾಧ್ಯವಾಗುತ್ತೆ.

3. ಕಲಬುರ್ಗಿ: 1989, 2014, 2015

ಈ ಅಳತೆಗೋಲುಗಳನ್ನು ಈಗ ನಮ್ಮ ಪ್ರಕರಣಕ್ಕೆ ಹಚ್ಚಿ ನೋಡೋಣ. ಕಲಬುರ್ಗಿಯವರು ಹುಟ್ಟಿದ್ದು 1938ರಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಯರಗಲ್‌ನಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು, ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಸಂಶೋಧನ ಲೇಖನಗಳ ‘ಮಾರ್ಗ’ ಮಾಲೆಯ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದೇ ಮಾಲೆಯ ಮೊದಲ ಸಂಪುಟದ ಸುತ್ತ 1989ರಲ್ಲಿ ದೊಡ್ಡ ವಿವಾದ ಎದ್ದಿತ್ತು. ಚನ್ನಬಸವಣ್ಣನ ಜನನ, ಬಸವಣ್ಣನವರ ಪತ್ನಿ ನೀಲಾಂಬಿಕೆಯ ಬದುಕು ಇವುಗಳ ಬಗ್ಗೆ ಅವರು ಮಾಡಿದ ವಿವೇಚನೆ ಲಿಂಗಾಯತ ಸಮುದಾಯದ ಒಂದು ವರ್ಗವನ್ನು ಕೆರಳಿಸಿತು. ಒತ್ತಡ ತಾಳಲಾರದೆ ಅವರು ಆ ಬರಹಗಳನ್ನು ಹಿಂದಕ್ಕೆ ಪಡೆದರು. ಕುಟುಂಬದವರ ಜೀವ ಉಳಿಸಿಕೊಳ್ಳಲು ಹಾಗೆ ಮಾಡಬೇಕಾಯಿತು, ಬೌದ್ಧಿಕವಾಗಿ ಮಾತ್ರ ಅದು ಆತ್ಮಹತ್ಯೆ ಎಂಬ ಅರ್ಥದ ಮಾತನ್ನು ಆಮೇಲೆ ಆಡಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಒತ್ತಡ ತಂದವರು ಆರಾಧಿಸುತ್ತಿದ್ದದ್ದು ಯಾರನ್ನು? ಬಸವಣ್ಣನನ್ನು. ಹುಟ್ಟಿನ ಮೇಲು–ಕೀಳನ್ನು ಪ್ರಶ್ನಿಸಿದ ಹನ್ನೆರಡನೆಯ ಶತಮಾನದ ಚಳವಳಿಯ ವಾರಸುದಾರರು ಅವರು. ಮೂಲಗ್ರಂಥ ಸಮಾನತೆಯದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಪೂಜಿಸುವವರು ಭಿನ್ನಮತವನ್ನು ಸಹಿಸುತ್ತಾರೆ ಅಂತ ಹೇಳೋಕಾಗಲ್ಲ ಎಂಬುದಕ್ಕೆ ಇದು ನಮ್ಮದೇ ಉದಾಹರಣೆ. ಹಾಗಂತ 1989ರ ಪ್ರತಿಭಟನಕಾರರನ್ನು ಸಾರಾಸಗಟಾಗಿ ‘ಬಲಪಂಥೀಯ ಉಗ್ರವಾದಿಗಳು’ ಅನ್ನುವುದೂ ಸರಿಯಲ್ಲ. ಪ್ರತಿಭಟನೆ ಅವರ ಹಕ್ಕು, ನೋವಾದದ್ದನ್ನು ಹೇಳುವುದೂ ಹಕ್ಕು. ಆದರೆ ಒಬ್ಬ ವಿದ್ವಾಂಸ ಪ್ರಾಣಭಯದಿಂದ ಪುಟಗಳನ್ನು ಹಿಂತೆಗೆದುಕೊಳ್ಳುವ ಸ್ಥಿತಿ ಬಂದಾಗ ಎರಡನೆಯ ಗೆರೆ ದಾಟಿದ ಹಾಗೆ. ಆಗ ಎದುರಿಗಿದ್ದದ್ದು ತಪ್ಪಾಗಿದೆ ಎನ್ನುವ ವಾದವಲ್ಲ, ಬೆದರಿಕೆ.

2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆ ಕುರಿತ ಒಂದು ಸಭೆಯಲ್ಲಿ ಕಲಬುರ್ಗಿಯವರು ಮಾತಾಡಿದರು. ವಿಗ್ರಹದಲ್ಲಿ ಶಕ್ತಿ ಇದೆಯೇ ಎಂಬ ಪ್ರಶ್ನೆಗೆ ಯು. ಆರ್. ಅನಂತಮೂರ್ತಿಯವರ ಬರಹದಲ್ಲಿದ್ದ ಒಂದು ಬಾಲ್ಯದ ಪ್ರಸಂಗವನ್ನು ನೆನಪಿಸಿಕೊಂಡರು. ಅದರ ವಿರುದ್ಧ ಪ್ರತಿಭಟನೆಗಳು ನಡೆದವು, ಪೊಲೀಸರಿಗೆ ದೂರುಗಳು ಹೋದವು. ದೂರು ಕೊಡುವುದು ಕಾನೂನಿನ ದಾರಿಯೇ. ಆದರೆ 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಗೆ ಬೈಕಿನಲ್ಲಿ ಇಬ್ಬರು ಬಂದರು. ಬಾಗಿಲು ತಟ್ಟಿದ್ದಕ್ಕೆ ಮನೆಯವರು ತೆರೆದರು. ಸಂಶೋಧಕರ ಮನೆ ಅಂದಮೇಲೆ ಗುರುತಿಲ್ಲದ ಹುಡುಗರು ಬಂದು ಬಾಗಿಲು ತಟ್ಟುವುದು ದಿನನಿತ್ಯದ ವಿಷಯ ಅಲ್ವಾ? ಅಲ್ಲೇ ಗುಂಡು ಹಾರಿಸಿ ಕೊಂದರು.

ಇದಕ್ಕೆ ಮೊದಲು 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಕೊಲೆಯಾಗಿತ್ತು. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಅವರಿಗೆ ಗುಂಡೇಟು ಬಿದ್ದು, ನಾಲ್ಕು ದಿನಗಳ ನಂತರ ತೀರಿಕೊಂಡರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಕಲಬುರ್ಗಿ ಮತ್ತು ಗೌರಿ ಅವರ ಕೊಲೆಗೆ ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಆಧರಿಸಿ ತನಿಖಾ ತಂಡ ಹೇಳಿತು. 2014ರ ಆ ಭಾಷಣವೇ ಕಲಬುರ್ಗಿ ಅವರ ಕೊಲೆಗೆ ಕಾರಣ ಎಂದು 2019ರ ಆರೋಪಪಟ್ಟಿ ಹೇಳುತ್ತದೆ. ಗೌರಿ ಪ್ರಕರಣದ ಆರೋಪಪಟ್ಟಿಯ ಪ್ರಕಾರ ಆರೋಪಿಗಳಿಗೂ ಅವರಿಗೂ ವೈಯಕ್ತಿಕ ದ್ವೇಷ ಇರಲಿಲ್ಲ, ಕಾರಣ ವಿಚಾರಗಳೇ. ಇವು ಆರೋಪಗಳು, ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ದಾಭೋಲ್ಕರ್ ಪ್ರಕರಣದಲ್ಲಿ ಪುಣೆಯ ವಿಶೇಷ ನ್ಯಾಯಾಲಯ 2024ರ ಮೇ 10ರಂದು ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮೂವರನ್ನು ಬಿಡುಗಡೆ ಮಾಡಿತು.

ನನ್ನ ವಾದಕ್ಕೆ ಬೇಕಾದದ್ದು ಇಷ್ಟು. 1989ರಲ್ಲಿ ಪುಟಗಳು ಹೋದವು, 2015ರಲ್ಲಿ ಬರೆದವರೇ ಹೋದರು. ಎರಡೂ ಕಡೆ ಇದ್ದವರು ಬೇರೆ ಬೇರೆ ಜನ, ಕಾರಣಗಳೂ ಬೇರೆ. ಒಂದನ್ನು ಇನ್ನೊಂದಕ್ಕೆ ನೇರವಾಗಿ ಗಂಟು ಹಾಕಬಾರದು. ಆದರೆ ‘ಬೆದರಿಸಿದರೆ ಸಂಶೋಧನೆ ನಿಲ್ಲುತ್ತೆ’ ಎಂಬ ಪಾಠವನ್ನು ಸಮಾಜ ಒಮ್ಮೆ ಕಲಿತರೆ, ಅದನ್ನು ಬಳಸಿಕೊಳ್ಳುವವರು ಆಮೇಲೆ ಯಾವ ಕಡೆಯಿಂದಲೂ ಬರಬಹುದು.

4. ಅಕ್ಕಪಕ್ಕದ ಸಿದ್ಧಾಂತಗಳು

ಸಂಪ್ರದಾಯವಾದ: ಇದು ಬಲಕ್ಕೆ ಸೇರಿದ್ದು, ಆದರೆ ಉಗ್ರವಾದವಲ್ಲ. ಇದ್ದದ್ದನ್ನು ಒಮ್ಮೆಗೇ ಕೆಡವಬೇಡಿ, ನಿಧಾನವಾಗಿ ತಿದ್ದಿ ಎಂಬುದು ಎಡ್ಮಂಡ್ ಬರ್ಕ್ 1790ರಲ್ಲಿ ಫ್ರಾನ್ಸಿನ ಕ್ರಾಂತಿಯ ಬಗ್ಗೆ ಬರೆದ ಕಾಲದಿಂದ ಅದರ ತಿರುಳು. ಕನ್ನಡದಲ್ಲೇ ನೋಡಿ. ಎಂ. ಚಿದಾನಂದಮೂರ್ತಿಯವರು ಮತಾಂತರವನ್ನು ವಿರೋಧಿಸಿದರು, ವೀರಶೈವ–ಲಿಂಗಾಯತ ಒಂದೇ ಅಂದರು. ಕಲಬುರ್ಗಿಯವರು ಲಿಂಗಾಯತ ಸ್ವತಂತ್ರ ಧರ್ಮ ಅಂದರು. ಇಬ್ಬರೂ ಶಾಸನ ಹಿಡಿದು, ವಚನ ಹಿಡಿದು ವಾದ ಮಾಡಿದವರೇ. 2006ರಲ್ಲಿ ಟಿಪ್ಪು ಬಗ್ಗೆ ಎಸ್. ಎಲ್. ಭೈರಪ್ಪ ಮತ್ತು ಗಿರೀಶ್ ಕಾರ್ನಾಡ್ ಪತ್ರಿಕೆಯಲ್ಲಿ ಎದುರುಬದುರಾದರು. ಮಾತು ಬಿಸಿಯಾಗಿಯೇ ಇತ್ತು, ಆದರೂ ಅದು ಮಾತು. ಭೈರಪ್ಪ, ಚಿದಾನಂದಮೂರ್ತಿ ಅವರ ನಿಲುವನ್ನು ನೀವು ಒಪ್ಪದಿರಬಹುದು. ಆದರೆ ಅವರನ್ನೂ ಬಂದೂಕಿನವರನ್ನೂ ಒಂದೇ ಪದದಲ್ಲಿ ಕರೆದರೆ ಬಂದೂಕಿನವರಿಗೇ ಅನುಕೂಲ. ‘ನೋಡಿ, ದೊಡ್ಡ ದೊಡ್ಡ ವಿದ್ವಾಂಸರೆಲ್ಲ ನಮ್ಮವರೇ’ ಅಂತ ಅವರು ಹೇಳಿಕೊಳ್ಳಬಹುದು.

ಫ್ಯಾಸಿಸಂ: ಇದು ಬಲಪಂಥೀಯ ಉಗ್ರವಾದ ಚರಿತ್ರೆಯಲ್ಲಿ ತಾಳಿದ ಒಂದು ರೂಪ. 1919ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿದ್ದು. ಒಬ್ಬ ನಾಯಕ, ಒಂದು ಪಕ್ಷ, ಸಮವಸ್ತ್ರದ ಪಡೆ, ರಾಷ್ಟ್ರದ ಪುನರ್ಜನ್ಮದ ಕನಸು ಇವೆಲ್ಲ ಸೇರಿದರೆ ಫ್ಯಾಸಿಸಂ. ಎಲ್ಲ ಫ್ಯಾಸಿಸಂ ಬಲಪಂಥೀಯ ಉಗ್ರವಾದ ಹೌದು, ಆದರೆ ಎಲ್ಲ ಬಲಪಂಥೀಯ ಉಗ್ರವಾದ ಫ್ಯಾಸಿಸಂ ಅಲ್ಲ. ಹಿಟ್ಲರನ ಪಕ್ಷದ ಹೆಸರಲ್ಲಿ ‘ಸಮಾಜವಾದಿ’ ಅಂತ ಇತ್ತಲ್ಲ, ಅದು ಎಡ ಅಲ್ವಾ ಅಂತ ಕೇಳುವವರಿದ್ದಾರೆ. 1933ರಲ್ಲಿ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಆತ ಕಾರ್ಮಿಕ ಸಂಘಗಳನ್ನು ಮುಚ್ಚಿಸಿದ. ದಾಖಾವ್ ಶಿಬಿರಕ್ಕೆ ಮೊದಲು ಹೋದವರಲ್ಲಿ ಕಮ್ಯುನಿಸ್ಟರು, ಸಮಾಜವಾದಿಗಳು ಇದ್ದರು. ಹೆಸರಿಗಿಂತ, ಮನುಷ್ಯರನ್ನು ಜನಾಂಗದ ಏಣಿಯಲ್ಲಿ ಮೇಲೆ ಕೆಳಗೆ ನಿಲ್ಲಿಸಿದ್ದನ್ನು ನೋಡಬೇಕು.

ಧಾರ್ಮಿಕ ಮೂಲಭೂತವಾದ: ಇದು ಯಾವ ಧರ್ಮದ್ದಾದರೂ, ‘ನಂಬಿದವನು ಮೇಲು, ನಂಬದವನು ಕೀಳು’ ಅನ್ನುವ ಕಡೆ ಬಲದ ಹತ್ತಿರಕ್ಕೆ ಬರುತ್ತೆ. ನಮ್ಮ ಜಿಲ್ಲೆಯವರು ಆಸ್ಪತ್ರೆಗೆ, ಕಾಲೇಜಿಗೆ ಇಳಿದು ಹೋಗುವ ಊರು ಕೊಯಮತ್ತೂರು. ಅಲ್ಲಿ 1997ರ ನವೆಂಬರ್ ಕೊನೆಯಲ್ಲಿ ಒಬ್ಬ ಕಾನ್‌ಸ್ಟೆಬಲ್ ಕೊಲೆಯಾಯಿತು. ಅದರ ಬೆನ್ನಿಗೆ ನಡೆದ ಗಲಭೆ ಮತ್ತು ಗೋಲಿಬಾರಿನಲ್ಲಿ 18 ಮುಸ್ಲಿಮರು ಸತ್ತರು. 1998ರ ಫೆಬ್ರುವರಿ 14ರಂದು ಅಲ್ ಉಮ್ಮಾ ಸಂಘಟನೆ ಇಟ್ಟ ಸರಣಿ ಬಾಂಬ್‌ಗಳಿಗೆ 58 ಜನ ಸತ್ತರು. ಎರಡು ಧರ್ಮದ ಉಗ್ರವಾದಗಳು ಮೇಲ್ನೋಟಕ್ಕೆ ಶತ್ರುಗಳು. ಆದರೆ ಒಂದಕ್ಕೆ ಇನ್ನೊಂದು ಬೇಕು. ‘ನೋಡಿ ಅವರು ಹೀಗೆ’ ಅಂತ ತೋರಿಸೋಕೆ ಎದುರಿಗೊಬ್ಬರು ಇಲ್ಲದಿದ್ದರೆ ಎರಡೂ ಬೆಳೆಯಲ್ಲ.

ಎಡಪಂಥೀಯ ಉಗ್ರವಾದ: ಗೂಡಲೂರಿನಿಂದ ನಾಡುಗಾಣಿ ಘಾಟಿ ಇಳಿದರೆ ಕೇರಳದ ನಿಲಂಬೂರು. 2016ರ ನವೆಂಬರ್ 24ರಂದು ಅಲ್ಲಿನ ಕಾಡಿನಲ್ಲಿ ಇಬ್ಬರು ಮಾವೋವಾದಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಕರ್ನಾಟಕದಲ್ಲಿ 2005ರ ಫೆಬ್ರುವರಿಯಲ್ಲಿ ಸಾಕೇತ್ ರಾಜನ್ ಪೊಲೀಸರಿಂದ ಹತರಾದರು, ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. ಸಾಕೇತ್ ರಾಜನ್ ಕರ್ನಾಟಕದ ಚರಿತ್ರೆ ಬರೆದವರೂ ಹೌದು. ಇಲ್ಲಿ ಗುರಿ ಸಮಾನತೆ, ಹಾಗಾಗಿ ಮೊದಲ ಗೆರೆಯಲ್ಲಿ ಬಲದವರ ತದ್ವಿರುದ್ಧ. ಆದರೆ ಮತಪೆಟ್ಟಿಗೆ, ನ್ಯಾಯಾಲಯ ಯಾವುದೂ ಬೇಡ, ಬಂದೂಕೇ ದಾರಿ ಅನ್ನುವಾಗ ಎರಡನೆಯ ಗೆರೆಯಲ್ಲಿ ಇಬ್ಬರೂ ಒಂದೇ ಬದಿ. ‘ಎರಡೂ ಒಂದೇ’ ಅಂದರೂ ತಪ್ಪು, ‘ನಮ್ಮ ಕಡೆಯ ಬಂದೂಕು ಬೇರೆ’ ಅಂದರೂ ತಪ್ಪು.

5. ನೀಲಗಿರಿಯಿಂದ ನೋಡಿದರೆ

ಬಲಪಂಥೀಯ ಉಗ್ರವಾದಕ್ಕೆ ಬೇಕಾದ ಮೊದಲ ಸರಕು ‘ಒಳಗಿನವರು–ಹೊರಗಿನವರು’ ಎಂಬ ಭೇದ. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನರನ್ನು ಕೊಂದವನದ್ದೂ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಮಸೀದಿಗಳಲ್ಲಿ 51 ಜನರನ್ನು ಕೊಂದವನದ್ದೂ ಇದೇ ಮಾತು: ಹೊರಗಿನವರು ಬಂದು ನಮ್ಮ ನಾಡು ಕಸಿದುಕೊಳ್ತಿದ್ದಾರೆ.

ಇದೇ ಲೆಕ್ಕವನ್ನು ನಮ್ಮ ಬೆಟ್ಟದ ಮೇಲೆ ಹಾಕಿ ನೋಡಿ. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕರು ಇಲ್ಲಿನ ಆದಿವಾಸಿಗಳು. ಬಡಗರ ಹೆಸರೇ ‘ಬಡಗಣದಿಂದ ಬಂದವರು’ ಎಂಬ ಅರ್ಥ ಹೇಳುತ್ತೆ. ಮೈಸೂರು ಸೀಮೆಯಿಂದ ಬಂದೆವು ಅನ್ನೋದು ಅವರದೇ ಐತಿಹ್ಯ. ಮಸಿನಗುಡಿಯಲ್ಲಿ ಕನ್ನಡದವರು, ಗೂಡಲೂರಿನಲ್ಲಿ ಮಲಯಾಳದವರು ಇದ್ದಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳರು ಸರ್ಕಾರಿ ಟೀ ತೋಟಗಳಲ್ಲಿ ದುಡಿದರು. ಶ್ರೀಲಂಕಾದಲ್ಲಿ ಅವರನ್ನು ‘ಇಂಡಿಯಾದವರು’ ಅಂದರು, ಇಲ್ಲಿಗೆ ಬಂದರೆ ‘ಸಿಲೋನ್‌ನವರು’ ಆದರು. ಯಾರು ಮೊದಲು ಬಂದರು ಅನ್ನುವುದರ ಮೇಲೆ ಹಕ್ಕು ಅಳೆಯುತ್ತಾ ಹೋದರೆ ನಮ್ಮಲ್ಲಿ ಬಹುಪಾಲು ಜನ ಬೆಟ್ಟ ಇಳಿಯಬೇಕಾಗುತ್ತೆ.

ಹಾಗಾದರೆ ಆದಿವಾಸಿಗಳು ತಮ್ಮ ಕಾಡು, ತಮ್ಮ ಭೂಮಿ ಅಂತ ಕೇಳುವುದೂ ಇದೇ ತರಹದ್ದೇ? ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಕೇಳುತ್ತಿರುವುದು ಕಳೆದುಕೊಂಡದ್ದನ್ನು, ಕಾನೂನಿನ ಮೂಲಕ. ತಾವು ಇನ್ನೊಬ್ಬರಿಗಿಂತ ಮೇಲು ಅಂತ ಅವರು ಹೇಳುತ್ತಿಲ್ಲ. ಗುರುತಿನ ಮಾತೆಲ್ಲ ಬಲಪಂಥವಲ್ಲ. ಅದು ಸಮಾನರಾಗಲು ಕೇಳುವ ಮಾತೋ, ಮೇಲೆ ನಿಲ್ಲಲು ಕೇಳುವ ಮಾತೋ ಎಂಬುದರಲ್ಲಿ ವ್ಯತ್ಯಾಸ ಇದೆ.

6. ನಮ್ಮ ವಿಭಾಗಗಳಲ್ಲಿ

ಕಲಬುರ್ಗಿ ಅವರ ಕೊಲೆ ಖಂಡಿಸಿ ಉದಯ ಪ್ರಕಾಶ್ ಅವರಿಂದ ಆರಂಭವಾಗಿ ಹಲವು ಲೇಖಕರು ಅಕಾಡೆಮಿ ಪ್ರಶಸ್ತಿ ಹಿಂತಿರುಗಿಸಿದರು. 2015ರ ಅಕ್ಟೋಬರ್ 23ರಂದು ಅಕಾಡೆಮಿ ಖಂಡನಾ ನಿರ್ಣಯ ಮಾಡಿತು. ಅದು ದೊಡ್ಡವರ ಕೆಲಸ. ನಮ್ಮ ಮಟ್ಟದಲ್ಲಿ ಆಗುವುದು ಬೇರೆ, ಅದು ಸದ್ದಿಲ್ಲದೆ ಆಗುತ್ತೆ. ಪಿಎಚ್.ಡಿ.ಗೆ ವಿಷಯ ಆರಿಸುವಾಗ ‘ಅದು ಬೇಡಪ್ಪ, ಗಲಾಟೆ ಆಗುತ್ತೆ’ ಅನ್ನುವ ಮಾತು ನಮಗೆಲ್ಲ ಪರಿಚಿತ. ಹೇಳುವವರಿಗೆ ನಮ್ಮ ಮೇಲಿನ ಕಾಳಜಿಯೇ ಇರುತ್ತೆ, ಅದನ್ನು ಅಲ್ಲಗಳೆಯಲ್ಲ. ಆದರೆ ಬರೆಯದೇ ಉಳಿದ ಅಧ್ಯಾಯವನ್ನು ಯಾವ ಆರೋಪಪಟ್ಟಿಯೂ ಲೆಕ್ಕ ಹಿಡಿಯುವುದಿಲ್ಲ. ಉಗ್ರವಾದ ಗೆದ್ದಿದೆಯೋ ಇಲ್ಲವೋ ಎಂದು ತಿಳಿಯಲು ಕೊಲೆಗಳ ಜೊತೆಗೆ ಹೀಗೆ ಕೈಬಿಟ್ಟ ವಿಷಯಗಳನ್ನೂ ಎಣಿಸಬೇಕು.

ಪ್ರಶ್ನೋತ್ತರ

ಪ್ರಶ್ನೆ: ಭಾಷಾ ಹೋರಾಟಗಳನ್ನು ಎಲ್ಲಿ ಇಡ್ತೀರಿ? ಕನ್ನಡಪರ ಹೋರಾಟ ಬಲಪಂಥವೇ?

ಉತ್ತರ: ಬೇಡಿಕೆಯನ್ನೂ ವಿಧಾನವನ್ನೂ ಬೇರೆ ಮಾಡಿ ನೋಡ್ಬೇಕು ಸರ್. ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು, ಬೀದಿಗಿಳಿದು ಸರ್ಕಾರದ ಹತ್ತಿರ ಕೇಳಿತು. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಹೊತ್ತಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ಆಯ್ತು. ಎರಡಕ್ಕೂ ಕನ್ನಡದ್ದೇ ಹೆಸರು, ಆದರೆ ಎರಡೂ ಒಂದಲ್ಲ. ಇನ್ನೊಂದು ಉದಾಹರಣೆ ಕೊಡ್ತೀನಿ. 2000ದ ಜುಲೈ 30ರಂದು ನಮ್ಮ ಪಕ್ಕದ ತಾಳವಾಡಿ ಸೀಮೆಯ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಜೊತೆಗೆ ತಮಿಳು ರಾಷ್ಟ್ರವಾದಿ ಗುಂಪಿನವರೂ ಇದ್ದರು. ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣ ಆಗ್ಬೇಕು ಅನ್ನೋದು ಬೇಡಿಕೆಗಳಲ್ಲಿ ಒಂದು. 108 ದಿನ ಒತ್ತೆಯಿಟ್ಟರೂ ಅದು ಆಗಲಿಲ್ಲ. 2009ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರ ಮಾತಾಡಿಕೊಂಡು ಬೆಂಗಳೂರಲ್ಲಿ ತಿರುವಳ್ಳುವರ್, ಚೆನ್ನೈಯಲ್ಲಿ ಸರ್ವಜ್ಞ ಅಂತ ನಾಲ್ಕೇ ದಿನದ ಅಂತರದಲ್ಲಿ ಎರಡೂ ಪ್ರತಿಮೆ ಅನಾವರಣ ಆದವು. ಬೇಡಿಕೆ ಅದೇ, ದಾರಿ ಬೇರೆ.

ಪ್ರಶ್ನೆ: ಧರ್ಮಶ್ರದ್ಧೆ ಇರುವವರು ಈ ನಾಲ್ಕು ಮನೆಗಳಲ್ಲಿ ಎಲ್ಲಿ ಬರ್ತಾರೆ?

ಉತ್ತರ: ಎಲ್ಲೂ ಬರಬಹುದು ಮೇಡಂ. ಶ್ರದ್ಧೆ ಈ ಎರಡೂ ಪ್ರಶ್ನೆಗೆ ತಾನಾಗಿ ಉತ್ತರ ಕೊಡೋದಿಲ್ಲ. ವಚನಕಾರರೂ ಶ್ರದ್ಧಾವಂತರೇ, ಮೇಲು–ಕೀಳನ್ನು ಒಪ್ಪಲಿಲ್ಲ. ‘ನನ್ನ ನಂಬಿಕೆ ನನಗೆ ದೊಡ್ಡದು’ ಅನ್ನೋದು ಶ್ರದ್ಧೆ. ‘ನನ್ನ ನಂಬಿಕೆ ಪ್ರಶ್ನಿಸಿದವನಿಗೆ ಬದುಕುವ ಹಕ್ಕಿಲ್ಲ’ ಅಂದಾಗ ಅದು ಉಗ್ರವಾದ.

ಪ್ರಶ್ನೆ: ಬಲಪಂಥದ ಸಹಪಾಠಿ ಪಕ್ಕದಲ್ಲೇ ಕೂತಿರ್ತಾನೆ. ಅವನ ಜೊತೆ ಏನು ಮಾಡೋದು?

ಉತ್ತರ: ವಾದ ಮಾಡೋದು. ಅವನು ಶಾಸನ ತೋರಿಸಿದರೆ ನಾವೂ ಶಾಸನ ತೋರಿಸಬೇಕು. ಅವನು ಹೇಳಿದ್ದು ಸರಿಯಿದ್ದರೆ ಒಪ್ಪಿಕೊಳ್ಳಬೇಕು. ಅವನ ಪ್ರಬಂಧ ಮಂಡನೆ ನಿಲ್ಲಿಸೋಕೆ ನಾವು ಹೋದರೆ ಎರಡನೆಯ ಗೆರೆಯನ್ನು ನಾವೇ ದಾಟಿದ ಹಾಗಾಗುತ್ತೆ. ಅವನು ಇನ್ನೊಬ್ಬರ ಬಾಯಿ ಮುಚ್ಚಿಸೋಕೆ ಹೊರಟರೆ ಮಾತ್ರ ಅದು ವಾದದ ವಿಷಯವಾಗಿ ಉಳಿಯಲ್ಲ. ಆಗ ವಿಭಾಗ, ಆಡಳಿತ, ಕಾನೂನು ಅಡ್ಡ ನಿಲ್ಲಬೇಕು.